ಗಾಯಕ್ಕೆ ಎರಡು ಔಷಧ: ಬಲವೋ, ಬಾಧೆಯೋ?

ಮಗುವಿನ ಮೊಣಕಾಲು ತರಚಿದೊಡನೆ ಮನೆಯಲ್ಲಿರುವ ಔಷಧದ ಸೀಸೆಗಳೆಲ್ಲ ಹೊರಬರುವುದುಂಟು. ಒಂದು ಔಷಧವು ಕ್ರಿಮಿಗಳನ್ನು ಕೊಲ್ಲುವುದಾದರೆ ಎರಡು ಸೇರಿ ಇಮ್ಮಡಿ ಕೊಲ್ಲಬೇಕಲ್ಲವೆ ಎಂಬುದು ಜನಸಾಮಾನ್ಯರ ತರ್ಕ. ಈ ತರ್ಕವು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ನಾವೀಗ ಪರಿಶೀಲಿಸೋಣ.

ಗಾಯವು ಕೀವುಗೂಡದಂತೆ ತಡೆಯುವ ದ್ರವ್ಯಗಳಿಗೆ ಪೂತಿನಾಶಕಗಳೆಂದು ಹೆಸರು. 1865ರಲ್ಲಿ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರನು ಕಾರ್ಬಾಲಿಕ್ ಆಮ್ಲವನ್ನು ಈ ಕಾರ್ಯಕ್ಕೆ ಬಳಸಿ ಯಶಸ್ವಿಯಾದನು. ಅಂದಿನಿಂದ ಇಂತಹ ದ್ರವ್ಯಗಳು ಹಲವು ಬಂದಿವೆ. ಆದರೆ ಅವುಗಳ ರಾಸಾಯನಿಕ ಸ್ವಭಾವ ಒಂದೇ ಅಲ್ಲ. ಆದುದರಿಂದ ಎರಡು ಔಷಧಗಳು ಗಾಯದ ಮೇಲೆ ಸಂಧಿಸಿದಾಗ ಅವು ಕ್ರಿಮಿಗಳನ್ನು ಬಿಟ್ಟು ಪರಸ್ಪರ ಹೋರಾಡಬಹುದು.

ಪೊಟ್ಯಾಸಿಯಂ ಪರ್ಮಾಂಗನೇಟನ್ನೂ ಹೈಡ್ರೊಜನ್ ಪೆರಾಕ್ಸೈಡನ್ನೂ ಕೂಡಿಸಿದರೆ ಗುಳ್ಳೆಗಳು ಭರದಿಂದ ಏಳುತ್ತವೆ. ನೋಡುವವರಿಗೆ ಔಷಧವು ಚೆನ್ನಾಗಿ ಕೆಲಸಮಾಡುತ್ತಿರುವಂತೆ ತೋರುತ್ತದೆ. ವಾಸ್ತವವಾಗಿ ಅವೆರಡೂ ಒಂದನ್ನೊಂದು ನಾಶಮಾಡುತ್ತಿರುತ್ತವೆ. ಕೊನೆಗೆ ಉಳಿಯುವುದು ಮ್ಯಾಂಗನೀಸ್ ಡೈಆಕ್ಸೈಡಿನ ಕಂದು ಕೆಸರು.

ಸಾಬೂನಿನ ವಿಷಯವೂ ಹೀಗೆಯೇ. ಸ್ಯಾವ್ಲಾನಿನಂತಹ ದ್ರಾವಣಗಳಲ್ಲಿರುವ ಸೆಟ್ರಿಮೈಡ್ ಮತ್ತು ಕ್ಲೋರ್‌ಹೆಕ್ಸಿಡಿನ್‌ಗಳ ಸಕ್ರಿಯ ಭಾಗವು ಧನ ವಿದ್ಯುದಂಶವುಳ್ಳದ್ದು. ಸಾಬೂನಿನದು ಋಣ ವಿದ್ಯುದಂಶ. ಎರಡೂ ಒಂದಕ್ಕೊಂದು ಅಂಟಿಕೊಂಡಾಗ ಔಷಧದ ಶಕ್ತಿ ಕುಂದುತ್ತದೆ.

ಈ ಎರಡು ಸಂದರ್ಭಗಳಲ್ಲಿ ಔಷಧವು ವ್ಯರ್ಥವಾಯಿತು, ಅಷ್ಟೆ. ಮೂರನೆಯದು ಇನ್ನೂ ಅಪಾಯಕರ. ಮರ್ಕ್ಯುರೋಕ್ರೋಮ್ ಎಂಬ ಕೆಂಪು ಔಷಧದಲ್ಲಿ ಪಾದರಸವಿದೆ. ಅದರ ಹಳೆಯ ಸೀಸೆ ಕೆಲವು ಮನೆಗಳಲ್ಲಿ ಇನ್ನೂ ಉಳಿದಿರಬಹುದು. ಅದನ್ನು ಲೇಪಿಸಿದ ಜಾಗಕ್ಕೆ ಅಯೊಡಿನ್ ಸೇರಿದರೆ ಪಾದರಸದ ಅಯೊಡೈಡ್ ಉಂಟಾಗಬಹುದು. ಅದು ಚರ್ಮವನ್ನು ಸುಡುವ ವಸ್ತು.

ಇನ್ನೊಂದು ಸಂಗತಿಯನ್ನೂ ನಾವು ಮರೆಯಬಾರದು. ಪ್ರಥಮ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಬೂಲೋನಿನಲ್ಲಿ ಸೈನಿಕರ ಗಾಯಗಳನ್ನು ಪರೀಕ್ಷಿಸಿದ ಅಲೆಗ್ಸಾಂಡರ್ ಫ್ಲೆಮಿಂಗನು ಒಂದು ವಿಚಿತ್ರವನ್ನು ಕಂಡನು. ಪೂತಿನಾಶಕಗಳು ಗಾಯದ ಆಳವಾದ ಸಂದುಗಳಲ್ಲಿ ಅಡಗಿದ ಕ್ರಿಮಿಗಳನ್ನು ತಲುಪುತ್ತಿರಲಿಲ್ಲ. ಬದಲಾಗಿ, ಆ ಕ್ರಿಮಿಗಳೊಡನೆ ಹೋರಾಡುವ ಬಿಳಿಯ ರಕ್ತಕಣಗಳನ್ನೇ ಕೊಲ್ಲುತ್ತಿದ್ದವು. ಔಷಧವು ಹೆಚ್ಚಾದಷ್ಟೂ ಗುಣ ಹೆಚ್ಚೆಂಬ ಭಾವನೆಗೆ ಇದು ತಕ್ಕ ಉತ್ತರ.

ಹಾಗಾದರೆ ಮಾಡಬೇಕಾದುದೇನು? ಸಣ್ಣ ಗಾಯವನ್ನು ಮೊದಲು ಧಾರಾಳವಾಗಿ ಹರಿಯುವ ಶುದ್ಧ ನೀರಿನಲ್ಲಿ ತೊಳೆಯಬೇಕು. ಸಾಬೂನು ಬಳಸಿದ್ದರೆ ಅದರ ಲೇಶವೂ ಉಳಿಯಬಾರದು. ಅನಂತರ ಬೇಕೆನಿಸಿದರೆ ಒಂದೇ ಔಷಧವನ್ನು, ಸೀಸೆಯ ಮೇಲೆ ಸೂಚಿಸಿದ ಪ್ರಮಾಣದಲ್ಲಿ, ಹಚ್ಚಿದರೆ ಸಾಕು. ಆಳವಾದ ಗಾಯಕ್ಕೂ ನಾಯಿಕಡಿತಕ್ಕೂ ತೊಳೆದೊಡನೆಯೇ ವೈದ್ಯರ ಸಹಾಯ ಅವಶ್ಯ. ಆಗ, ಮನೆಯಲ್ಲಿ ಏನನ್ನು ಹಚ್ಚಿದ್ದೇವೆಂಬುದನ್ನು ಅವರಿಗೆ ಮುಚ್ಚಿಡದೆ ತಿಳಿಸಬೇಕು. ಏಕೆಂದರೆ ಅವರು ಹಚ್ಚಲಿರುವುದು ಎರಡನೆಯ ಔಷಧ.