ಸೌದೆ ರಾಶಿಗೆ ಕೈ ಹಾಕುವ ಮುನ್ನ

ಮಳೆ ಹಿಡಿಯುವ ಮೊದಲೇ ಸೌದೆ ಒಡೆದು, ಒಣಗಿಸಿ ಒಟ್ಟುವುದು ಮಲೆನಾಡಿನ ಮನೆಗಳಲ್ಲಿ ವಾಡಿಕೆ. ಈ ರಾಶಿಯ ಸಂದುಗಳಿಗೆ ಇಲಿ ಸೇರುತ್ತದೆ. ಇಲಿಯನ್ನು ಹುಡುಕಿಕೊಂಡು ಹಾವು ಬರುತ್ತದೆ. ಆದ್ದರಿಂದ ಸೌದೆಯನ್ನು ನೆಲಕ್ಕೆ ತಾಗಿಸದೆ, ಅಡ್ಡ ದಿಮ್ಮಿಗಳ ಮೇಲೆ, ಮಲಗುವ ಕೋಣೆಯ ಗೋಡೆಯಿಂದ ದೂರ ಒಟ್ಟಿರಿ. ಗಾಳಿಯಾಡಿ ಬೇಗ ಒಣಗುತ್ತದೆ, ಒಲೆಯ ಹೊಗೆಯೂ ಕಡಿಮೆ. ಬಚ್ಚಲೊಲೆಯ ಸೌದೆಯನ್ನು ಹಗಲಿನಲ್ಲೇ ತಂದಿಡಿ. ಕತ್ತಲಲ್ಲಿ ತರಲೇಬೇಕಾದರೆ ಟಾರ್ಚ್ ಹಿಡಿದು, ಕೋಲಿನಿಂದ ತಟ್ಟಿ, ಮೇಲಿನಿಂದ ತೆಗೆಯಿರಿ, ಮಕ್ಕಳನ್ನಂತೂ ಕಳಿಸಲೇಬೇಡಿ.

ಹಾವು ಕಚ್ಚಿದರೆ ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು ಬೇಡ. ಬಳೆ, ಉಂಗುರ ತೆಗೆದು, ಕೈ ಅಲುಗಾಡದಂತೆ ದಬ್ಬೆ ಕಟ್ಟಿ, ಪ್ರತಿವಿಷವಿರುವ ಆಸ್ಪತ್ರೆಗೆ ತಕ್ಷಣ ಒಯ್ಯಿರಿ. ಕಟ್ಟುಹಾವು ಕಚ್ಚಿದಾಗ ನೋವು, ಊತ ಅಷ್ಟಾಗಿ ಕಾಣದು. ಕೆಲವು ಗಂಟೆಗಳ ಬಳಿಕ ರೆಪ್ಪೆ ಜೋಲುತ್ತದೆ, ಉಸಿರಾಟವೇ ನಿಲ್ಲಬಹುದು. ನೋವಿಲ್ಲವೆಂದು ಬೆಳಗಿನವರೆಗೆ ಕಾಯಬೇಡಿ.