ಶತ್ರುವಿನ ನುಡಿ

1940ನೆಯ ಇಸವಿಯ ಶರತ್ಕಾಲ. ಯೂರೋಪಿನಲ್ಲಿ ಎರಡನೆಯ ಮಹಾಯುದ್ಧ ತೊಡಗಿ ಒಂದು ವರ್ಷ ಕಳೆದಿತ್ತು. ನ್ಯೂಯಾರ್ಕಿನ ಟೈಮ್ಸ್ ಚೌಕದಲ್ಲಿ, ಮಾರಾಟವಾಗದೆ ಉಳಿದ ಪುಸ್ತಕಗಳನ್ನು ಅಗ್ಗವಾಗಿ ಕೊಡುತ್ತಿದ್ದ ಅಂಗಡಿಯೊಂದಿತ್ತು. ಕೊಲಂಬಿಯ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ, ಹದಿನೆಂಟರ ಹರೆಯದ ಡೊನಾಲ್ಡ್ ಕೀನ್, ಅಲ್ಲಿ ಎರಡು ಸಂಪುಟಗಳ ಗ್ರಂಥವೊಂದನ್ನು ಕಂಡರು. ಬೆಲೆ 49 ಸೆಂಟು. ಇಷ್ಟು ದಪ್ಪದ ಪುಸ್ತಕ ಇಷ್ಟು ಅಗ್ಗಕ್ಕೆ ದೊರೆಯಿತಲ್ಲಾ ಎಂದೇ ಅವರು ಅದನ್ನು ಕೊಂಡರು.

ಅದು 'ಗೆಂಜಿ ಮೊನೊಗತಾರಿ'. ಹನ್ನೊಂದನೆಯ ಶತಮಾನದ ಆದಿಯಲ್ಲಿ ಜಪಾನಿನ ಅರಮನೆಯಲ್ಲಿದ್ದ ಮುರಸಾಕಿ ಶಿಕಿಬು ಎಂಬ ಮಹಿಳೆ ಬರೆದ ಮಹಾಕಾದಂಬರಿ. ಅದನ್ನು ಇಂಗ್ಲಿಷಿಗೆ ತಂದವರು ಆರ್ಥರ್ ವೇಲಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ನೌಕರಿ ಮಾಡುತ್ತ ಚೀನೀ, ಜಪಾನೀ ಭಾಷೆಗಳೆರಡನ್ನೂ ತಾವೇ ಕಲಿತ ಈ ವಿದ್ವಾಂಸರು ಏಷ್ಯದ ನೆಲವನ್ನು ಒಮ್ಮೆಯೂ ಮೆಟ್ಟಲಿಲ್ಲ! ದಿನಪತ್ರಿಕೆಗಳಲ್ಲೆಲ್ಲ ಯುದ್ಧದ ಸುದ್ದಿಯನ್ನೇ ಓದಿ ಬೇಸತ್ತಿದ್ದ, ಶಾಂತಿವಾದಿಯಾದ ಕೀನರಿಗೆ ಆ ಕಾದಂಬರಿ ಬೇರೊಂದು ಲೋಕವನ್ನೇ ತೆರೆಯಿತು. ಅಲ್ಲಿಯೂ ದುಃಖವಿತ್ತು, ಯುದ್ಧವಿರಲಿಲ್ಲ. ಮೂಲವನ್ನೇ ಓದಬೇಕೆಂಬ ಹಂಬಲ ಅವರಲ್ಲಿ ಮೊಳೆಯಿತು.

1941ರ ಬೇಸಗೆಯಲ್ಲಿ ಕೆಲವರು ಗೆಳೆಯರೊಡನೆ ಬೆಟ್ಟದ ಮನೆಯೊಂದರಲ್ಲಿ ತಂಗಿ, ಒಬ್ಬ ಬೋಧಕನಿಂದ ಅವರು ಜಪಾನೀ ಭಾಷೆಯ ಮೊದಲ ಪಾಠಗಳನ್ನು ಕಲಿತರು. ಬೇಸಗೆ ಕಳೆದು ವಿಶ್ವವಿದ್ಯಾನಿಲಯ ತೆರೆದಾಗ ಟ್ಸುನೋಡ ರ್ಯೂಸಾಕು ಎಂಬ ಜಪಾನೀ ಪಂಡಿತರ ತರಗತಿಗೆ ಸೇರಿದರು. ಆ ತರಗತಿಗೆ ಬಂದ ವಿದ್ಯಾರ್ಥಿ ಕೀನ್ ಒಬ್ಬರೇ! ತಮ್ಮೊಬ್ಬರಿಗಾಗಿ ಗುರುಗಳಿಗೆ ಇಷ್ಟು ಶ್ರಮವೇಕೆಂದು ಅವರು ಹಿಂಜರಿದರೆ, ಒಬ್ಬ ವಿದ್ಯಾರ್ಥಿ ಸಾಕೆಂದು ಗುರುಗಳು ಪಾಠ ಮುಂದುವರಿಸಿದರು.

ಕನ್ನಡಿಗರಿಗೆ ಜಪಾನೀ ವಾಕ್ಯ ಅಷ್ಟೇನೂ ಅಪರಿಚಿತವಲ್ಲ. 'ವತಾಶಿ ವ ಹೊನ್ ಒ ಯೊಮು' ಎಂದರೆ 'ನಾನು ಪುಸ್ತಕವನ್ನು ಓದುತ್ತೇನೆ'. ಕರ್ತೃ, ಕರ್ಮ, ಕ್ರಿಯೆ - ಇದೇ ನಮ್ಮ ಅನುಕ್ರಮ. 'ಹೊನ್' ಎಂಬುದರ ಮುಂದಿನ 'ಒ' ನಮ್ಮ ದ್ವಿತೀಯಾ ವಿಭಕ್ತಿಯ ಕೆಲಸವನ್ನೇ ಮಾಡುತ್ತದೆ. ಅವರ 'ಕಾನ' ಅಕ್ಷರಗಳ ಅ, ಇ, ಉ, ಎ, ಒ. ಕ, ಸ, ತ, ನ ಎಂಬ ಜೋಡಣೆಯ ಹಿಂದೆಯೂ ಬೌದ್ಧಧರ್ಮದೊಡನೆ ಅಲ್ಲಿಗೆ ಹೋದ ಭಾರತದ ವರ್ಣಮಾಲೆಯ ಪ್ರಭಾವವಿದೆ. ನಿಜವಾದ ತೊಡಕಿರುವುದು 'ಕಾಂಜಿ' ಎಂಬ ಚೀನೀ ಮೂಲದ ಲಿಪಿಚಿಹ್ನೆಗಳಲ್ಲಿ. ಒಂದೇ ಚಿಹ್ನೆಯನ್ನು ಸಂದರ್ಭಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಓದಬೇಕು. ಬೆಟ್ಟವನ್ನು ಸೂಚಿಸುವ ಚಿಹ್ನೆ ಒಂಟಿಯಾಗಿದ್ದಾಗ 'ಯಾಮ'. ಫುಜಿ ಪರ್ವತದ ಹೆಸರಿನಲ್ಲಿ 'ಸಾನ್'. ಇಂಥ ಸಾವಿರಾರು ಚಿಹ್ನೆಗಳನ್ನು ಬರೆದು ಬರೆದೇ ಕೈಗೂಡಿಸಿಕೊಳ್ಳಬೇಕು; ಇದಕ್ಕೆ ಅಡ್ಡದಾರಿಯಿಲ್ಲ.

ಅದೇ ವರ್ಷ ಡಿಸೆಂಬರ್ 7ರಂದು ಜಪಾನು ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತು. ಕೀನರು ಪ್ರೀತಿಯಿಂದ ಕಲಿಯುತ್ತಿದ್ದ ನುಡಿ ಒಂದೇ ದಿನದಲ್ಲಿ ಶತ್ರುವಿನ ನುಡಿಯಾಯಿತು. ಅವರ ಗುರುಗಳನ್ನು ಸರ್ಕಾರ ಬಂಧಿಸಿ, ವಿಚಾರಣೆಯ ಬಳಿಕ ಬಿಟ್ಟಿತು. ಕೀನರು 1942ರಲ್ಲಿ ನೌಕಾಪಡೆಯ ಜಪಾನೀ ಭಾಷಾಶಾಲೆಗೆ ಸೇರಿದರು. ವಾರಕ್ಕೆ ಆರು ದಿನ ಪಾಠ, ಪ್ರತಿದಿನ ನಾಲ್ಕು ಗಂಟೆ. ಮರುದಿನದ ಸಿದ್ಧತೆಗೆ ಮತ್ತಷ್ಟು ಹೊತ್ತು. ಅಲ್ಲಿ ಕಲಿಸುತ್ತಿದ್ದವರಲ್ಲಿ ಹೆಚ್ಚಿನವರು ಜಪಾನೀ ಮೂಲದ ಅಮೆರಿಕನ್ನರು. ಇವರಂಥವರನ್ನು ಪಶ್ಚಿಮ ಕರಾವಳಿಯಿಂದ ಹೊರಡಿಸಬೇಕೆಂದು ಆಜ್ಞೆಯಾದಾಗ, ಶಾಲೆಯೇ ಕ್ಯಾಲಿಫೋರ್ನಿಯವನ್ನು ಬಿಟ್ಟು ಕೊಲರಾಡೊ ಪ್ರಾಂತ್ಯಕ್ಕೆ ಹೋಯಿತು. ತಮ್ಮವರನ್ನು ಮನೆಮಠ ಬಿಡಿಸಿದ ಸರ್ಕಾರಕ್ಕೇ ಆ ಉಪಾಧ್ಯಾಯರು ನಿಷ್ಠೆಯಿಂದ ಪಾಠ ಹೇಳಿದರು ಎಂಬುದನ್ನು ಮರೆಯಲಾಗದು. ಹನ್ನೊಂದು ತಿಂಗಳು ಕಳೆಯುವಷ್ಟರಲ್ಲಿ ಕೀನರು ಮುದ್ರಿತ ಪುಸ್ತಕವನ್ನಷ್ಟೇ ಅಲ್ಲದೆ ತೊಡಕಿನ ಕೂಡುಬರಹವನ್ನೂ ಓದಬಲ್ಲವರಾಗಿದ್ದರು.

ಅವರನ್ನು ಹವಾಯಿ ದ್ವೀಪಕ್ಕೆ ಕಳುಹಿಸಲಾಯಿತು. ರಣರಂಗದಿಂದ ತಂದ ಕಾಗದಪತ್ರಗಳನ್ನು ಅನುವಾದಿಸುವುದು ಅಲ್ಲಿನ ಕೆಲಸ. ಒಂದು ದಿನ ಪೆಟ್ಟಿಗೆಯೊಂದರಿಂದ ದುರ್ವಾಸನೆ ಬರುತ್ತಿತ್ತು. ಅದರೊಳಗಿದ್ದವು ಮಡಿದ ಜಪಾನೀ ಸೈನಿಕರ ದಿನಚರಿಗಳು. ಅವುಗಳ ಮೇಲೆ ಒಣಗಿದ್ದ ರಕ್ತದ ನಾತವದು. ಅಮೆರಿಕದ ಸೈನಿಕರು ದಿನಚರಿ ಬರೆಯುವುದು ನಿಷಿದ್ಧವಾಗಿತ್ತು. ಜಪಾನಿನ ಸೈನಿಕರಿಗಾದರೋ ಹೊಸವರ್ಷದಲ್ಲಿ ಸೇನೆಯೇ ದಿನಚರಿಯ ಪುಸ್ತಕವನ್ನು ಹಂಚುತ್ತಿತ್ತು. ಮೊದಲ ಪುಟಗಳಲ್ಲಿ ವೀರಾವೇಶದ ಮಾತು. ಪುಟಗಳು ಸಾಗಿದಂತೆ ಹಸಿವು, ಜ್ವರ, ಊರಿನ ನೆನಪು. ಗ್ವಾಡಲ್‌ಕೆನಾಲ್ ದ್ವೀಪದಲ್ಲಿ ಹೊಸವರ್ಷದ ಹಬ್ಬಕ್ಕೆಂದು ಕೆಲವೇ ಕಾಳುಗಳನ್ನು ಎಣಿಸಿ ಹಂಚಿಕೊಂಡ ಸೈನಿಕರನ್ನು ಕೀನರು ಅಲ್ಲಿ ಕಂಡರು. ಕೆಲವು ದಿನಚರಿಗಳ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಬಿನ್ನಹವಿರುತ್ತಿತ್ತು: ಇದು ದೊರೆತವರು ಯುದ್ಧ ಮುಗಿದ ಮೇಲೆ ನಮ್ಮ ಮನೆಗೆ ತಲುಪಿಸಿರಿ ಎಂದು. ಅಂಥವನ್ನು ಕೀನರು ನಿಯಮ ಮೀರಿ ಮೇಜಿನೊಳಗೆ ಬಚ್ಚಿಟ್ಟರು. ತಪಾಸಣೆಯಲ್ಲಿ ಅವು ಸಿಕ್ಕಿಬಿದ್ದು ವಶವಾದವು.

ಯುದ್ಧಾನಂತರ ಕೊಲಂಬಿಯ, ಹಾರ್ವರ್ಡ್, ಕೇಂಬ್ರಿಜ್‌ಗಳಲ್ಲಿ ವ್ಯಾಸಂಗ, ಅಧ್ಯಾಪನಗಳಲ್ಲಿ ತೊಡಗಿದ್ದ ಕೀನರು 1953ರಲ್ಲಿ ಕ್ಯೋತೋ ನಗರಕ್ಕೆ ಬಂದರು. ಜಪಾನೀಯರಂತೆಯೇ ಚಾಪೆಯ ಮೇಲೆ ಕುಳಿತು ಬಾಳಬೇಕೆಂಬುದು ಅವರ ಸಂಕಲ್ಪ. ಅಮೆರಿಕದಲ್ಲಿ ಓದಿ ಬಂದ ಪ್ರಾಧ್ಯಾಪಕರೊಬ್ಬರು ನೆರೆಮನೆಗೆ ಬರುವರೆಂದು ತಿಳಿದಾಗ, ಅವರು ತಮ್ಮೊಡನೆ ಇಂಗ್ಲಿಷ್ ಮಾತನಾಡಿಯಾರೆಂದು ಹೆದರಿ ಅವರ ಕಣ್ಣಿಗೆ ಬೀಳದಂತೆ ತಪ್ಪಿಸಿಕೊಂಡು ತಿರುಗಿದರು! ಆ ನೆರೆಯವರು ನಾಗಾಯಿ ಮಿಚಿಯೊ. ಮುಂದೆ 1974ರಲ್ಲಿ ಜಪಾನಿನ ಶಿಕ್ಷಣ ಸಚಿವರಾದವರು. ಕಡೆಗೆ ಒಂದು ರಾತ್ರಿಯ ಊಟದಲ್ಲಿ ಜೊತೆಯಾದ ಇಬ್ಬರೂ ಜೀವಮಾನದ ಮಿತ್ರರಾದರು. ಕ್ಯೋತೋದಲ್ಲಿ ಕೀನರು 'ಕ್ಯೋಗೆನ್' ಎಂಬ ಹಾಸ್ಯನಾಟಕವನ್ನೂ ಅಭ್ಯಸಿಸಿದರು. ನಮ್ಮ ಸಂಗೀತ ಪಾಠದಲ್ಲಿರುವಂತೆ ಅಲ್ಲಿಯೂ ಗುರು ನುಡಿದುದನ್ನು ಶಿಷ್ಯ ಅದೇ ಧಾಟಿಯಲ್ಲಿ ಮರುನುಡಿಯಬೇಕು. ಪುಸ್ತಕದಿಂದ ಕಲಿತಿದ್ದ ಮಾತಿಗೆ ಕಂಠದ ಏರಿಳಿತ ಕೂಡಿಬಂದುದು ಹೀಗೆ.

2011ರ ಭೂಕಂಪ, ಸುನಾಮಿಗಳಿಂದ ಜಪಾನು ತತ್ತರಿಸಿದಾಗ ಅನೇಕ ವಿದೇಶೀಯರು ಆ ದೇಶವನ್ನು ತೊರೆದರು. ಎಂಬತ್ತೆಂಟು ದಾಟಿದ್ದ ಕೀನರು ಅಲ್ಲಿಯೇ ನೆಲೆಸಲು ನಿಶ್ಚಯಿಸಿ, 2012ರಲ್ಲಿ ಜಪಾನಿನ ಪ್ರಜೆಯಾದರು, 2019ರಲ್ಲಿ ತೀರಿಕೊಂಡರು. ಜಪಾನೀಯರು ಸಾವಿರ ವರ್ಷಗಳಿಂದ ಬರೆದಿಟ್ಟ ದಿನಚರಿಗಳನ್ನು ಕುರಿತು ಅವರು 1980ರ ದಶಕದಲ್ಲಿ ಅಲ್ಲಿನ ಪತ್ರಿಕೆಯೊಂದಕ್ಕೆ ದೀರ್ಘ ಲೇಖನಮಾಲೆಯನ್ನು ಬರೆದಿದ್ದರು. ರಾಜಾಸ್ಥಾನದ ಮಹಿಳೆಯರು, ಸಂನ್ಯಾಸಿಗಳು, ಕವಿಗಳು ಬರೆದ ದಿನಚರಿಗಳ ಆ ವಿವೇಚನೆಯನ್ನು ಕೀನರು ತೊಡಗಿದ್ದು ಹವಾಯಿಯಲ್ಲಿ ತಾವು ಓದಿದ್ದ ಆ ಸೈನಿಕರ ದಿನಚರಿಗಳ ನೆನಪಿನಿಂದ.