ಗುಳಿಗೆಯೂ ಬೇಕು, ಮನೆಯೂ ಬೇಕು

ಹಿರೇಕೆರೂರು ಕಡೆಯ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಪ್ರಾಯಕ್ಕೆ ಬಂದ ಮಗ ಹೊಲಕ್ಕೆ ಹೋಗುವುದನ್ನು ಬಿಟ್ಟಿದ್ದಾನೆ. ರಾತ್ರಿ ನಿದ್ರೆಯಿಲ್ಲ. ಯಾರೋ ಬೈಯುತ್ತಿದ್ದಾರೆಂದು ಕಿವಿ ಮುಚ್ಚಿಕೊಳ್ಳುತ್ತಾನೆ. ‘ಗಾಳಿ ಸೋಕಿದೆ’ ಎನ್ನುತ್ತಾರೆ ನೆರೆಯವರು. ‘ಮದುವೆ ಮಾಡಿರಿ, ಸರಿಹೋದೀತು’ ಎನ್ನುತ್ತಾರೆ ಬಂಧುಗಳು. ತಂಗಿಗೆ ಗಂಡು ಸಿಗಲಾರದೆಂಬ ಭಯದಿಂದ ತಂದೆತಾಯಿಗಳು ಅವನನ್ನು ಒಳಕೋಣೆಯಲ್ಲಿಯೇ ಇರಿಸುತ್ತಾರೆ. ಹೀಗೆ ವರ್ಷಗಳೇ ಉರುಳುತ್ತವೆ.

ಪ್ರಿಯ ಪಾಲಕರೇ, ಇದು ಶಾಪವಲ್ಲ, ಪಾಪದ ಫಲವೂ ಅಲ್ಲ. ಇದೊಂದು ಕಾಯಿಲೆ. ಸಕ್ಕರೆ ಕಾಯಿಲೆಗಿರುವಂತೆ ಇದಕ್ಕೂ ಔಷಧವಿದೆ. ಪ್ರಾರ್ಥನೆ ಖಂಡಿತ ಬೇಕು. ಆದರೆ ಪ್ರಾರ್ಥನೆಯ ಹೆಸರಿನಲ್ಲಿ ವೈದ್ಯರ ಭೇಟಿಯನ್ನು ಮುಂದೂಡಬಾರದು. ಮದುವೆಯಂತೂ ಇದಕ್ಕೆ ಮದ್ದಲ್ಲ.

ಚಿಕಿತ್ಸೆ ಹತ್ತಿರ ಬಂದ ಬಗೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರುವ ಮುನ್ನ ಧಾರವಾಡ ಜಿಲ್ಲೆಯಲ್ಲಿದ್ದವು. ಮನೋರೋಗವೆಂದರೆ ಧಾರವಾಡದ ಹಳೆಯ ಆಸ್ಪತ್ರೆಯೇ ನೆನಪಾಗುತ್ತಿತ್ತು. 1845ರಲ್ಲಿ ಆರಂಭವಾದ ಅದು ಇಂದು ಡಿಮ್ಹಾನ್ಸ್ ಸಂಸ್ಥೆಯಾಗಿದೆ. ಕಾಯಿಲೆ ಉಲ್ಬಣಿಸಿದಾಗ ಅಂತಹ ಸಂಸ್ಥೆಯ ನೆರವು ಬೇಕು. ಆದರೆ ಪ್ರತಿ ತಿಂಗಳ ಗುಳಿಗೆಗಾಗಿ ಕೂಲಿ ಬಿಟ್ಟು ದೂರದ ಬಸ್ಸು ಹತ್ತಬೇಕಾದರೆ ಬಡವರು ಚಿಕಿತ್ಸೆಯನ್ನೇ ನಿಲ್ಲಿಸಿಬಿಡುತ್ತಾರೆ.

ಇದಕ್ಕೊಂದು ದಾರಿ ತೋರಿದ್ದು ನಮ್ಮದೇ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ, ಊರಿನ ಹತ್ತಿರವೇ ಚಿಕಿತ್ಸೆ ಸಾಧ್ಯವೆಂದು ತೋರಿಸಿಕೊಟ್ಟಿತು. ಆ ಮಾದರಿಯಲ್ಲಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2014ರಲ್ಲಿ ಕರ್ನಾಟಕದಲ್ಲಿ ‘ಮನೋಚೈತನ್ಯ’ ಯೋಜನೆ ಬಂದಿತು. ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡಬೇಕೆಂಬುದು ಅದರ ಉದ್ದೇಶ. ನಿಮ್ಮ ತಾಲ್ಲೂಕಿಗೆ ಅವರು ಬರುವ ದಿನವನ್ನು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿಯಿರಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯವರ ಪಾಲು

ಗುಳಿಗೆ ಕಾಯಿಲೆಯನ್ನು ಹತೋಟಿಗೆ ತರುತ್ತದೆ. ಬದುಕನ್ನು ಮರಳಿ ಕಟ್ಟಬೇಕಾದವರು ಅವನು ಮತ್ತು ನಾವು.

1. ‘ಈಗ ಆರಾಮಾಗಿದ್ದಾನೆ’ ಎಂದು ಗುಳಿಗೆ ನಿಲ್ಲಿಸಬೇಡಿ. ಕಾಯಿಲೆ ಮರುಕಳಿಸಲು ಇದೇ ದೊಡ್ಡ ಕಾರಣ. ಕಡಿಮೆ ಮಾಡುವುದಿದ್ದರೆ ವೈದ್ಯರೇ ಹೇಳಲಿ.

2. ‘ಸೋಮಾರಿ’ ಎಂದು ಹಂಗಿಸಬೇಡಿ. ಮಂಕುತನ ಕಾಯಿಲೆಯಿಂದಲೂ ಬರಬಹುದು, ಕೆಲವೊಮ್ಮೆ ಔಷಧದಿಂದಲೂ ಬರಬಹುದು. ದಿನವೂ ಬೈಗುಳ ಕೇಳುವ ಮನೆಯಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ.

3. ಸಣ್ಣ ಕೆಲಸ ಕೊಡಿ. ದನಕ್ಕೆ ನೀರು ಕುಡಿಸುವುದು, ಅಂಗಡಿಗೆ ಹೋಗಿ ಬರುವುದು ಮೊದಲ ಹೆಜ್ಜೆಯಾಗಲಿ.

4. ನಿದ್ರೆ ಕೆಡುವುದು, ಒಬ್ಬನೇ ಗೊಣಗುವುದು ಮತ್ತೆ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಿ.

5. ಆರೈಕೆಯ ಭಾರವೆಲ್ಲ ತಾಯಿಯ ಮೇಲೆಯೇ ಬೀಳದಿರಲಿ. ಅಣ್ಣತಮ್ಮಂದಿರೂ ಹಂಚಿಕೊಳ್ಳಲಿ.

ಸರಪಳಿ ಹಾಕಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ನಿಷೇಧಿಸಿದೆ. ಸಮಾಜದ ನಡುವೆ ಬಾಳುವುದು ರೋಗಿಯ ಹಕ್ಕೆಂದೂ ಅದು ಸಾರುತ್ತದೆ. ಆದರೆ ಓಣಿಯ ಜನ ಬಾಗಿಲು ತೆರೆಯದಿದ್ದರೆ ಕಾನೂನೊಂದೇ ಏನು ಮಾಡೀತು? ಅವನನ್ನು ‘ಹುಚ್ಚ’ ಎನ್ನದೆ ಹೆಸರು ಹಿಡಿದು ಕರೆಯೋಣ. ಮದುವೆಗೆ, ಹಬ್ಬಕ್ಕೆ ಕರೆಯೋಣ. ಸಮಾಧಿಗಳ ನಡುವೆ ಅಲೆಯುತ್ತಿದ್ದವನನ್ನು ಗುಣಪಡಿಸಿದ ಪ್ರಭು ಅವನನ್ನು ಕಳುಹಿಸಿದ್ದು ಅವನ ಮನೆಗೇ ಅಲ್ಲವೇ?

ಕುಟುಂಬದಲ್ಲಿ ಚರ್ಚಿಸಿರಿ

1. ನಮ್ಮ ಓಣಿಯಲ್ಲಿ ಮನೆಯಿಂದ ಹೊರಗೆ ಕಾಣಿಸದವರು ಯಾರಾದರೂ ಇದ್ದಾರೆಯೇ?

2. ಅವರ ಮನೆಯವರೊಡನೆ ನಾವು ಕಡೆಯ ಬಾರಿ ಮಾತನಾಡಿದ್ದು ಯಾವಾಗ?

3. ಮುಂದಿನ ಬಾರಿ ಆಸ್ಪತ್ರೆಗೆ ಅವರ ಜೊತೆ ನಮ್ಮಲ್ಲಿ ಯಾರು ಹೋಗಬಲ್ಲರು?